ಆನೆ ಗ್ರೂಪಿಗೆ ಹೋದ ಹನ್ನೊಂದನೇ ಅಧ್ಯಾಯ

ದೇವೇಂದ್ರನನ್ನು ತನುಜಾ ಆಗಲೇ ಒಂಬತ್ತು ಸಲ ಕೊಂದಿದ್ದಳು. ಒಮ್ಮೆ ಹೊಳೆಗೆ ನೂಕಿ, ಒಮ್ಮೆ ಬಂಡೆಯಡಿ ಅರೆದು, ಒಮ್ಮೆ ಹಸಿದ ಕರಡಿಗಳ ಗುಹೆಗೆ ಬಿಟ್ಟು. ಯಾವ ಸಾವೂ ಸಮಾಧಾನ ತರಲಿಲ್ಲ. ಎಲ್ಲವೂ ಬೇಗ ಮುಗಿದುಹೋಗುತ್ತಿದ್ದವು, ಆ ಮನುಷ್ಯನಿಗೆ ಅಷ್ಟು ಸುಲಭದ ಸಾವು ಯಾಕೆ ಸಿಗಬೇಕು?

ಗಾಬರಿ ಬೇಡ, ಕೊಂದದ್ದು ಕಾದಂಬರಿಯಲ್ಲಿ. ನಿಜವಾದ ದೇವೇಂದ್ರ ಪಾಳ್ಯದ ಹತ್ತಿರ ನಲವತ್ತು ಎಕರೆ ಕಾಫಿ ತೋಟ ಇಟ್ಟುಕೊಂಡು ದುಂಡುದುಂಡಗೆ ಚೆನ್ನಾಗಿಯೇ ಇದ್ದ. ತೋಟದ ಜೊತೆಗೆ ಆತನ ಕೈಯಲ್ಲಿ ಇನ್ನೊಂದು ಅಧಿಕಾರವೂ ಇತ್ತು. ಊರಿನ ಆನೆ ಗ್ರೂಪಿಗೆ ಅವನೇ ಅಡ್ಮಿನ್.

ಈ ಕಡೆ ಬೆಳಿಗ್ಗೆ ಎದ್ದವರು ಹಲ್ಲುಜ್ಜುವ ಮೊದಲು ನೋಡುವುದು ವಾಟ್ಸಾಪ್‌ನ ಆ ಗ್ರೂಪನ್ನು. ಆನೆ ಯಾರ ತೋಟದಲ್ಲಿದೆ, ಯಾವ ಹಳ್ಳ ದಾಟಿದೆ, ಎಷ್ಟು ಮರಿ ಜೊತೆಗಿವೆ, ಎಲ್ಲ ಅದರಲ್ಲಿ ಬರುತ್ತದೆ. ಅದನ್ನು ನೋಡದೆ ಕಾಫಿ ಹಣ್ಣು ಕೊಯ್ಯಲು ಯಾರೂ ತೋಟಕ್ಕೆ ಕಾಲಿಡುವುದಿಲ್ಲ. ಗ್ರೂಪಿನಲ್ಲಿದ್ದವರು ಇನ್ನೂರ ಹನ್ನೆರಡು ಜನ. ತನುಜಾ ಇದ್ದಳು, ಅವಳ ಗಂಡ ಮೃತ್ಯುಂಜಯನೂ ಇದ್ದ.

ಮೃತ್ಯುಂಜಯ ಆಲೂರಿನ ತನ್ನ ಗೊಬ್ಬರದಂಗಡಿಗೆ ಹೊರಟ ಮೇಲೆ ತನುಜಾ ಜಗಲಿಯಲ್ಲಿ ಕೂತು ಫೋನಿನಲ್ಲೇ ಕಾದಂಬರಿ ಬರೆಯುತ್ತಿದ್ದಳು. ಬೆಟ್ಟಗಳಿಗೆ ಕಾಲಿದ್ದ ಒಂದು ನಾಡು, ಆ ಕಾಲುಗಳಿಗೆ ಸರಪಳಿ ಬಿಗಿದ ದೊರೆ ಚಂಡಕೇತು, ಸರಪಳಿ ಬಿಚ್ಚಲು ಹೊರಟ ಕುರಿ ಕಾಯುವ ಹುಡುಗಿ. ಅವಳ ಮೊದಲ ಕಾದಂಬರಿ. ಮೂರು ಸಲ ಕೈಬಿಟ್ಟು ಮತ್ತೆ ಹಿಡಿದಿದ್ದಳು. ಇದನ್ನೆಲ್ಲ ಯಾರು ಓದುತ್ತಾರೆ ಅನ್ನಿಸಿದ ದಿನ ಒಂದು ಸಾಲೂ ಹೊರಡುತ್ತಿರಲಿಲ್ಲ. ಓದುತ್ತಿದ್ದವಳು ಒಬ್ಬಳೇ, ಸಕಲೇಶಪುರದಲ್ಲಿದ್ದ ಗೆಳತಿ ಮಾನಸ. ಬರೆದದ್ದನ್ನು ಅವಳಿಗೆ ವಾಟ್ಸಾಪ್‌ನಲ್ಲಿ ಕಳಿಸುವುದು ರೂಢಿ.

ಕಳೆದ ವರ್ಷ ಹಣ್ಣು ಕೊಯ್ಲಿನ ಸಮಯ. ಹಿಂದಿನ ದಿನ ಬರೆದು ಮುಗಿಸಿದ ಹನ್ನೊಂದನೇ ಅಧ್ಯಾಯವನ್ನು ಬೆಳಿಗ್ಗೆ ಏಳಕ್ಕೆ, ಒಲೆಯ ಮೇಲೆ ಹಾಲಿಟ್ಟು, ಮಾನಸಳಿಗೆ ಕಳಿಸಲು ಹೋದಳು. ಸರಿಯಾಗಿ ಅದೇ ಹೊತ್ತಿಗೆ ಆನೆ ಗ್ರೂಪಿಗೆ ಯಾರದೋ ಮೆಸೇಜು ಬಂದು, ಗ್ರೂಪು ಪಟ್ಟಿಯ ಮೇಲಕ್ಕೆ ಹಾರಿ ಕೂತಿತು. ಬೆರಳು ಅದರ ಮೇಲೆ ಬಿತ್ತು. ಒಳಗೆ ಹಾಲು ಉಕ್ಕುತ್ತಿತ್ತು, ತನುಜಾ ತಿರುಗಿ ನೋಡದೆ ಓಡಿದಳು.

ಅಧ್ಯಾಯ ಶುರುವಾಗುವುದು ಹೀಗೆ: "ಅದು ಎದ್ದಿದೆ. ಹಳ್ಳ ದಾಟಿ ಮೂಡಲಿಗೆ ಬರುತ್ತಿದೆ. ಇಷ್ಟು ದೊಡ್ಡದನ್ನು ಈ ಸೀಮೆ ಕಂಡಿಲ್ಲ. ಯಾರೂ ಮನೆಯಿಂದ ಹೊರಬರಬೇಡಿ." ಉಳಿದದ್ದು 'ಇನ್ನಷ್ಟು ಓದಿ' ಎಂಬುದರ ಕೆಳಗೆ ಅಡಗಿತ್ತು. ಆನೆ ಬರುತ್ತಿದೆ ಅಂದಮೇಲೆ ಇನ್ನಷ್ಟು ಓದುವ ಪುರುಸೊತ್ತು ಯಾರಿಗಿದೆ?

ನಾಲ್ಕು ತೋಟಗಳಿಗೆ ಕೊಯ್ಲಿನವರು ಬರಲಿಲ್ಲ. ಸ್ಕೂಲ್ ವ್ಯಾನು ಅರ್ಧ ದಾರಿಯಿಂದ ವಾಪಸಾಯಿತು. ಫಾರೆಸ್ಟ್‌ನವರು ಪಟಾಕಿ ಹಿಡಿದು ಹಳ್ಳಕ್ಕೆ ಓಡಿದರು. ಹತ್ತು ಗಂಟೆಗೆ ಯಾರೋ ಪುಣ್ಯಾತ್ಮರು ಪೂರ್ತಿ ಓದಿ ನೋಡಿದರೆ, ಎದ್ದದ್ದು ಆನೆಯಲ್ಲ, ಬೆಟ್ಟ!

ತಪ್ಪು ತನ್ನದೆಂದು ತನುಜಾ ಒಪ್ಪಿಕೊಂಡಳು, ಗ್ರೂಪಿನಲ್ಲೇ ಕ್ಷಮೆ ಕೇಳಿದಳು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ದೇವೇಂದ್ರ ಬಿಡಬೇಕಲ್ಲ! ಒಂದು ವಾಯ್ಸ್ ಮೆಸೇಜು ಹಾಕಿದ. ಅವಳ ಸಾಲುಗಳನ್ನು ಒಂದೊಂದಾಗಿ ಎಳೆದೆಳೆದು ಓದುತ್ತಾ, ನಡುನಡುವೆ ತೊಡೆ ತಟ್ಟಿಕೊಂಡು ನಗುತ್ತಾ ಹೇಳಿದ: "ಅಲ್ಲ ಕಣಮ್ಮಾ ತನುಜಾ, ಬೆಟ್ಟ ನಡ್ಕೊಂಡ್ ಬತ್ತೈತಾ? ಎಷ್ಟನೇ ನಂಬರ್ ಚಪ್ಪಲಿ ಹಾಕ್ತೈತೆ? ಮನೇಲಿ ಕೆಲಸ ಕಮ್ಮಿ ಆಗ್ಬುಟ್ರೆ ಹೆಂಗಸ್ರ ತಲೆ ಹಿಂಗೇ ಓಡೋದು. ಮೃತ್ಯುಂಜಯಾ, ಇನ್ನೆರಡು ಹಸ ಕಟ್ಟೋ ಮಾರಾಯ!"

ಅದರ ಕೆಳಗೆ ಸಾಲುಸಾಲಾಗಿ ನಗುವ ಮುಖಗಳು ಬಂದು ಬಿದ್ದವು. ಅದರಲ್ಲೊಂದು ಮೃತ್ಯುಂಜಯನದು, ಕಣ್ಣಲ್ಲಿ ನೀರು ಬರುವಷ್ಟು ನಗುವ ಹಳದಿ ಮುಖ. ಕೇಳಿದ್ದಕ್ಕೆ, "ಎಲ್ಲಾರೂ ಹಾಕಿದ್ರು, ನಾನೂ ಹಾಕ್ದೆ. ಅದ್ರಲ್ಲೇನೈತೆ?" ಅಂದ. ತನುಜಾಳ ಎದೆಯೊಳಗೆ ಬೆಂಕಿ ಬಿದ್ದಿತ್ತು, ಅದನ್ನು ಆರಿಸುವ ಮನಸ್ಸೂ ಅವಳಿಗಿರಲಿಲ್ಲ.

ಅವತ್ತಿನಿಂದ ಕಾದಂಬರಿ ನಿಲ್ಲಲಿಲ್ಲ. ಬೇಜಾರು ಹತ್ತಿದಾಗೆಲ್ಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ವಾಯ್ಸ್ ಮೆಸೇಜು ಕೇಳುತ್ತಿದ್ದಳು. ಒಂದು ನಿಮಿಷ ಮೂವತ್ತೆಂಟು ಸೆಕೆಂಡು. ಕೇಳಿ ಮುಗಿಯುವಷ್ಟರಲ್ಲಿ ಮುಖ ಕೆಂಪಾಗುತ್ತಿತ್ತು, ಮಧ್ಯಾಹ್ನದೊಳಗೆ ನಾಲ್ಕು ಪುಟ ಆಗುತ್ತಿತ್ತು. ಅಲ್ಲಿಯವರೆಗೆ ಸಪ್ಪಗಿದ್ದ ಚಂಡಕೇತುವಿಗೆ ದೇವೇಂದ್ರನ ಮೀಸೆ ಬಂತು, ಹೊಟ್ಟೆ ಬಂತು, ತೊಡೆ ತಟ್ಟುವ ನಗು ಬಂತು. ಒಂದು ವರ್ಷದಲ್ಲಿ ಮುನ್ನೂರ ಹನ್ನೆರಡು ಪುಟ. ಉಳಿದಿದ್ದು ಕೊನೆಯ ಅಧ್ಯಾಯ, ಅದರಲ್ಲಿ ಚಂಡಕೇತು ಸಾಯಬೇಕು. ಅದೇ ಕೂಡಿಬರುತ್ತಿರಲಿಲ್ಲ. ಒಂಬತ್ತನೇ ಸಾವನ್ನೂ ಅಳಿಸಿ ಹಾಕಿ ಕೂತವಳಿಗೆ, ಇಷ್ಟು ದೂರ ಬಂದು ಇಲ್ಲೇ ಮುಳುಗುತ್ತೇನಾ ಎಂದು ಭಯವಾಯಿತು.

ಈ ವರ್ಷದ ಕೊಯ್ಲು ಶುರುವಾಗುತ್ತಿದ್ದಂತೆ ದೇವೇಂದ್ರ ಕಾಫಿ ಕಣದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ. ಸುದ್ದಿ ಕೇಳಿ ತನುಜಾಗೆ ಖುಷಿಯಾಯಿತು. ಆಗಬಾರದಿತ್ತು, ಆಯಿತು. ವಾರ ಕಳೆದ ಮೇಲೆ ಅವನ ಹೆಂಡತಿ ಗಂಗಾಮಣಿ ಹಾಲಿನ ಡೈರಿಯ ಹತ್ತಿರ ಅವಳನ್ನು ತಡೆದು ನಿಲ್ಲಿಸಿದಳು.

"ಮಲಗಿ ಮಲಗಿ ಅವ್ರಿಗೆ ಹೊತ್ತೋಯ್ತಿಲ್ಲ ಕಣೇ. ಆ ಬೆಟ್ಟದ ಕಥೆ ಮುಂದಕ್ಕೈತಾ ಕೇಳು ಅಂದ್ರು. ಬೇಜಾರ್ ಮಾಡ್ಕೋಬೇಡ."

"ಬೇಜಾರ್ಯಾಕೆ ಗಂಗಾಮಣಕ್ಕ, ಕೊಡ್ತೀನಿ," ಅಂದಳು ತನುಜಾ. ಆಲೂರಿಗೆ ಹೋಗಿ, ಇದ್ದಷ್ಟನ್ನೂ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ ಕಳಿಸಿದಳು. ಓದಲಿ, ತನ್ನ ಮೂತಿ ತಾನೇ ನೋಡಿಕೊಳ್ಳಲಿ.

ಎಂಟನೇ ದಿನ ಅವನೇ ಫೋನ್ ಮಾಡಿದ. "ತನುಜಮ್ಮಾ, ಆ ಚಂಡಕೇತು ಅವ್ನಲ್ಲ, ಏನ್ ಮನುಷ್ಯ ಅಂತೀನಿ! ನಕ್ಕಂಡ್ ನಕ್ಕಂಡೇ ನಾಡು ಹಾಳ್ ಮಾಡ್ತಾನೆ. ನಮ್ ಭಾವ ಲಕ್ಕಪ್ಪನ್ನ ನೋಡೇ ಬರ್ದಿದ್ದೀಯ ಅಲ್ವಾ?"

ತನುಜಾ ದಂಗಾದಳು. ಒಂದು ವರ್ಷ ಕಾಸಿ ಕಾಸಿ ಹದ ಮಾಡಿದ ವಿಷವನ್ನು ಈ ಮನುಷ್ಯ ಪಾಯಸದ ಹಾಗೆ ಚಪ್ಪರಿಸುತ್ತಿದ್ದಾನೆ! ಫೋನ್ ಕುಕ್ಕಬೇಕು ಅನ್ನುವಷ್ಟರಲ್ಲಿ ಅವನ ದನಿ ಮೆತ್ತಗಾಯಿತು.

"ಕೊನೇಗೇನಾಯ್ತಮ್ಮಾ? ಸತ್ನಾ, ಉಳ್ಕಂಡ್ನಾ? ಪುಟಾನೇ ಇಲ್ವಲ್ಲ! ಮೂರು ದಿನದಿಂದ ಅದೇ ತಲೇಲಿ ಓಡ್ತೈತೆ, ಊಟ ಸೇರ್ತಿಲ್ಲ."

ಅವನು ಬೇಡುತ್ತಿದ್ದ. ತನುಜಾ ಎದ್ದು ನಿಂತಳು. ಒಂಬತ್ತು ಸಾವಿನಲ್ಲಿ ಸಿಗದಿದ್ದದ್ದು ಈ ಒಂದು ಫೋನಿನಲ್ಲಿ ಸಿಕ್ಕಿಬಿಟ್ಟಿತ್ತು.

"ಕೊನೇ ಅಧ್ಯಾಯ ನನ್ ಹತ್ರ ಐತೆ ಅಣ್ಣಾ," ಅಂದಳು, ಹಸಿ ಸುಳ್ಳು. "ಮೊದ್ಲು ನೀವೊಂದ್ ಕೆಲಸ ಮಾಡಿ. ಹನ್ನೊಂದನೇ ಅಧ್ಯಾಯ ಪೂರ್ತಿ ಓದಿ ಆನೆ ಗ್ರೂಪಿಗೆ ಹಾಕಿ. ನಗ್ಬಾರ್ದು. ಆಮೇಲ್ ನೋಡೋಣ."

ಮರುದಿನ ಬೆಳಿಗ್ಗೆ ಆರೂವರೆಗೆ ಬಂತು, ಇಪ್ಪತ್ಮೂರು ನಿಮಿಷದ ವಾಯ್ಸ್ ಮೆಸೇಜು. "ಅದು ಎದ್ದಿದೆ" ಎಂದು ಶುರುಮಾಡಿದ ದೇವೇಂದ್ರ ಒಮ್ಮೆಯೂ ನಗಲಿಲ್ಲ. ನಾನೂರು ವರ್ಷ ಕಟ್ಟಿಹಾಕಿದ್ದ ಕಾಲನ್ನು ಬೆಟ್ಟ ಮೊದಲ ಸಲ ಎತ್ತುವ ಕಡೆ ಅವನ ಓದು ನಿಂತಿತು. ಕೆಮ್ಮಿ, ನೀರು ಕುಡಿದು, ಮುಂದುವರಿಸಿದ. ಅವನ ತೋಟದ ಲೈನ್ ಮನೆಗಳ ಮುಂದೆ ಕೆಲಸದವರು ಒಂದು ಫೋನಿನ ಸುತ್ತ ಕೂತುಬಿಟ್ಟರು. ಆಳುಗಳನ್ನು ಕೆಲಸಕ್ಕೆ ಹಚ್ಚುವ ರೈಟರ್ ಗುಂಡಯ್ಯ ಕೂಗಿ ಕೂಗಿ ಸಾಕಾಗಿ ತಾನೂ ಕೂತು ಕೇಳಿದ. ಮತ್ತೆ ಮತ್ತೆ ಹಾಕಿ ಕೇಳಿದರು, ಒಂಬತ್ತು ಗಂಟೆಯವರೆಗೆ ಅಲ್ಲಿ ಒಂದು ಹಣ್ಣೂ ಕೊಯ್ಲಾಗಲಿಲ್ಲ, ಅದೂ ಮಾಲೀಕನ ದನಿಯಿಂದಲೇ! ಸುದ್ದಿ ಕಿವಿಗೆ ಬಿದ್ದು ತನುಜಾ ಹೊಟ್ಟೆ ತುಂಬ ನಕ್ಕಳು.

ಗ್ರೂಪಿನಲ್ಲಿ ಒಂದೇ ಒಂದು ನಗುವ ಮುಖವೂ ಬರಲಿಲ್ಲ. "ಮುಂದೇನಾಯ್ತು?" ಎಂದು ಅರವತ್ತು ಜನ ಕೇಳಿದರು. ದೇವೇಂದ್ರ ಫೋನ್ ಮಾಡಿದ. "ಓದ್ದೆನಲ್ಲಮ್ಮ, ಈಗ ಕೊಡು."

"ಪುಸ್ತಕ ಅಚ್ಚಾಗ್ಲಿ ಅಣ್ಣಾ. ಎಲ್ಲಾರ ಜೊತೆ ಓದೋರಂತೆ," ಅಂದು ಫೋನಿಟ್ಟಳು. ಆಮೇಲೆ ಅವನು ದಿನಾ ಮಾಡಿದ, ಅವಳು ಎತ್ತಲಿಲ್ಲ.

ಕೊನೆಯ ಅಧ್ಯಾಯ ಹನ್ನೆರಡು ದಿನದಲ್ಲಿ ಮುಗಿಯಿತು. ಚಂಡಕೇತು ಸಾಯುವುದಿಲ್ಲ. ಬೆಟ್ಟಗಳೆಲ್ಲ ಎದ್ದುಹೋದ ಬಯಲಿನಲ್ಲಿ ಒಬ್ಬನೇ ಉಳಿಯುತ್ತಾನೆ. ದೂರದಲ್ಲಿ ಹುಡುಗಿ ಬೆಟ್ಟಗಳಿಗೆ ಕಥೆ ಹೇಳುವುದು ಅವನಿಗೆ ಕೇಳಿಸುತ್ತದೆ, ಕೊನೆಯೊಂದನ್ನು ಬಿಟ್ಟು. ಪ್ರತಿ ಸಂಜೆ ಹೊಸ ಕಥೆ, ಪ್ರತಿ ಸಂಜೆ ಕೊನೆ ಕೇಳಿಸದು, ಅವನ ಆಯಸ್ಸು ಮಾತ್ರ ಮುಗಿಯದು. ತನುಜಾ ಅದನ್ನು ಎರಡು ಸಲ ಓದಿ ಮಾನಸಳಿಗೆ ಕಳಿಸಿದಳು, ಈ ಸಲ ಹೆಸರು ಮೂರು ಸಲ ನೋಡಿ. ಹಳೆಯ ವಾಯ್ಸ್ ಮೆಸೇಜನ್ನು ಅಳಿಸಲಿಲ್ಲ, ಎರಡನೇ ಕಾದಂಬರಿಗೆ ಬೇಕಾಗುತ್ತದೆ.

ಅಷ್ಟರಲ್ಲಿ ಅಂಗಡಿಯಿಂದ ಮೃತ್ಯುಂಜಯನ ಮೆಸೇಜು ಬಂತು. "ಇಲ್ಲಿ ಬಂದೋರೆಲ್ಲಾ ಕೇಳ್ತಾವ್ರೆ. ನಂಗಾದ್ರೂ ಹೇಳೇ, ಕೊನೇಲೇನಾಯ್ತದೆ?"

ತನುಜಾ, ಕಣ್ಣಲ್ಲಿ ನೀರು ಬರುವಷ್ಟು ನಗುವ ಆ ಹಳದಿ ಮುಖವನ್ನು ಹುಡುಕಿ ತೆಗೆದು, ಒಂದೇ ಒಂದು ಕಳಿಸಿ, ಫೋನನ್ನು ಮಗುಚಿಟ್ಟು, ದನಕ್ಕೆ ಹುಲ್ಲು ಹಾಕಲು ಎದ್ದಳು.