ಬೆಸುಗೆ ಮೇಷ್ಟ್ರು ಸಿಗಡಿ ತಿಂದದ್ದು

ಬೆಸುಗೆ ಮೇಷ್ಟ್ರಿಗೆ ಬೆಂಕಿಯ ಮೇಲೆ ಅಪಾರ ನಂಬಿಕೆ. ಬೆಸುಗೆಗಾರರ ಸ್ಪರ್ಧೆಗೆ ಆಯ್ಕೆಯಾಗಿದ್ದ ಮಗಳ ಜೊತೆ, ಅವಳ ಗುರುವಾಗಿ ಪರದೇಶಕ್ಕೆ ಬಂದಿದ್ದರು. ಸಂಜೆ ಬೀದಿಯಲ್ಲಿ ತಳ್ಳುಗಾಡಿಯವನು ಕಡ್ಡಿಗೆ ಚುಚ್ಚಿದ ಸಿಗಡಿಯನ್ನು ಧಗಧಗ ಉರಿಗೆ ಹಿಡಿದದ್ದು ಕಂಡು, "ಇಷ್ಟು ಬೆಂಕಿ ಕಂಡಿದ್ರಲ್ಲಿ ಯಾವ ರೋಗ ಉಳಿಯುತ್ತೆ?" ಎಂದು ನಾಲ್ಕು ಕಡ್ಡಿ ಖಾಲಿ ಮಾಡಿದರು. ಮಗಳು ಬೇಡವೆಂದಳು. ನಲವತ್ತು ವರ್ಷ ಕಬ್ಬಿಣ ಕರಗಿಸಿದವರು ಕೇಳುವುದುಂಟೇ?

ಬೆಳಗಾಗುವಷ್ಟರಲ್ಲಿ ಮಂಚಕ್ಕೂ ಬಚ್ಚಲಿಗೂ ಓಡಾಡಿ ಮೇಷ್ಟ್ರು ಹಿಂಡಿದ ಬಟ್ಟೆಯಾಗಿದ್ದರು.

"ಮೇಲೆ ಕೆಂಪಗಿತ್ತು, ಒಳಗೆ ಹಸಿ. ನಿಮಗೇ ಗೊತ್ತಾಗ್ಲಿಲ್ವಾ ಅಪ್ಪಾ?" ಎಂದು ಮಗಳು ಉಪ್ಪು ಸಕ್ಕರೆ ಕದಡಿದ ನೀರು ಕುಡಿಸಿದಳು.

ಮೇಷ್ಟ್ರ ಚಿಂತೆಯೇ ಬೇರೆ. ಸ್ಪರ್ಧೆ ಅಂದೇ. ನಡುವಿನ ಬಿಡುವಿನಲ್ಲಿ ಗುರು ಒಮ್ಮೆ ಬಂದು ಕೊಳವೆಯ ಜೋಡಣೆ ನೋಡಿ ಸಲಹೆ ಕೊಡಲು ನಿಯಮದಲ್ಲಿ ಅವಕಾಶವಿತ್ತು. ಅವರ ಕಾರ್ಖಾನೆಯಲ್ಲಿ ಅವರು ಟಾರ್ಚಿನ ಬೆಳಕು ಬಿಟ್ಟು ನೋಡಿ ಒಪ್ಪದ ಬೆಸುಗೆ ಬಾಗಿಲು ದಾಟಿದ್ದಿಲ್ಲ. ಮಗಳೂ ಆ ಕಣ್ಣಿಗೇ ಒಗ್ಗಿಹೋಗಿದ್ದವಳು.

"ನಾನೂ ಬರ್ತೀನಿ" ಎಂದು ಎದ್ದವರು ಹೊಸಿಲಿನಿಂದಲೇ ಬಚ್ಚಲಿಗೆ ತಿರುಗಿದರು.

"ಮಲ್ಕೊಳ್ಳಿ. ನಾನೇ ನೋಡ್ಕೋತೀನಿ" ಎಂದು ಮಗಳು ಮುಖಗವಸು ಎತ್ತಿಕೊಂಡು ಹೊರಟಳು. ದಿನವಿಡೀ ಮೇಷ್ಟ್ರು ಗೋಡೆಯ ಗಡಿಯಾರ ನೋಡುತ್ತಾ ಸಿಗಡಿಯ ವಂಶಕ್ಕೇ ಶಾಪ ಹಾಕಿದರು.

ಸಂಜೆ ಅವಳು ಬಂದಳು.

"ಮೂರನೇ ಸ್ಥಾನ ಅಪ್ಪಾ. ಕೊನೇ ಜೋಡಣೆ ಮೇಲೆ ಚೆನ್ನಾಗೇ ಇತ್ತು. ಒಳಗೆ ಒಂದು ಕಡೆ ಲೋಹ ಕೂಡಿದ್ಯೋ ಇಲ್ವೋ ಅಂತ ಅನುಮಾನ ಬಂತು. ಕತ್ತರಿಸಿ ಮತ್ತೆ ಬೆಸುಗೆ ಹಾಕ್ದೆ. ಹೊತ್ತು ಮೀರ್ತು, ಅಂಕ ಹೋಯ್ತು."

"ತೀರ್ಪುಗಾರರು ಕತ್ತರಿಸು ಅಂದ್ರಾ?"

"ಇಲ್ಲ. ಹಾಗೇ ಬಿಟ್ಟಿದ್ರೂ ನಡೀತಿತ್ತು ಅಂದ್ರು. ನನಗೆ ಮನಸ್ಸು ಒಪ್ಲಿಲ್ಲ. ಆಮೇಲೆ ಕೊಳವೆಗೆ ನೀರು ತುಂಬಿ ಒತ್ತಡ ಹಾಕಿದ್ರೂ ಒಂದು ಹನಿ ಜಿನುಗ್ಲಿಲ್ಲ."

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುವವರು ನಗಲಿ, ಮೇಷ್ಟ್ರ ಎದೆ ಆ ಹೊತ್ತು ಮಂಚಕ್ಕಿಂತ ಅಗಲವಾಗಿತ್ತು. "ನನಗೆಷ್ಟು ಹೆಮ್ಮೆ ಅಂದ್ರೆ..." ಎಂದು ಶುರುಮಾಡಿದರು. ಹಾಳು ಹೊಟ್ಟೆ ಬಿಡಬೇಕಲ್ಲ! ಮಾತು ಅರ್ಧಕ್ಕೇ ಬಿಟ್ಟು ಓಡಿದರು.

ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಮಗಳು ಗಾಬರಿಯಿಂದ ಬಚ್ಚಲ ಬಾಗಿಲು ತಟ್ಟಿದಳು.

"ಬೆಳಿಗ್ಗೆ ನಾನು ಬರದೇ ಇದ್ದದ್ದೇ ಒಳ್ಳೇದಾಯ್ತು ಕಣೇ" ಎಂದಿತು ಒಳಗಿನ ದನಿ. ಮುಖ ಕಾಣದಿದ್ದಾಗ ನಿಜ ಹೇಳುವುದು ಸುಲಭ. "ಮೊದಲ್ನೇ ಬಹುಮಾನದ ಆಸೆಗೆ ನಾನು ಕತ್ತರಿಸ್ಬೇಡ, ಹಾಗೇ ಬಿಟ್ಬಿಡು ಅಂತಿದ್ದೆ."