ಅಂಗಳ ದಾಟದ ಕೆಂಚ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಬೆಳಗಿನ ಐದಕ್ಕೇ ಮಗ್ಗಗಳು ಶುರುವಾಗುತ್ತವೆ. ಆ ಸದ್ದಿನಲ್ಲಿ ಪಿಸುಮಾತು ನಡೆಯುವುದಿಲ್ಲ, ಗುಟ್ಟನ್ನೂ ಕೂಗಿಯೇ ಹೇಳಬೇಕು. ಹಾಗಾಗಿ ಲಕ್ಷ್ಮೀದೇವಮ್ಮನ ನಾಯಿ ಕೆಂಚ ಹಾಲಿನ ಬೈಲಪ್ಪನನ್ನು ಬೀಳಿಸಿದ ಸುದ್ದಿ, ಬೈಲಪ್ಪ ನೆಲದಿಂದ ಏಳುವ ಮೊದಲೇ ಬೀದಿಯ ಆ ತುದಿ ಮುಟ್ಟಿತ್ತು.

ಕೆಂಚ ಕಚ್ಚಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಲಕ್ಷ್ಮೀದೇವಮ್ಮ ಸುಮ್ಮನಿರುವವಳಲ್ಲ. ಅದಕ್ಕೆ ಇದ್ದದ್ದು ಒಂದೇ ಚಟ. ಎರಡು ಚಕ್ರ ಉರುಳುವುದು ಕಂಡರೆ ಸಾಕು, ಅಂಗಳದಿಂದ ನೆಗೆದು ಬೆನ್ನಟ್ಟುವುದು. ಅವತ್ತು ಬೈಲಪ್ಪ ತನ್ನ ಲೂನಾದಲ್ಲಿ ಎರಡು ಕ್ಯಾನು ಹಾಲು ಕಟ್ಟಿಕೊಂಡು ಹೋಗುತ್ತಿದ್ದ. ಹಿಂದೆ ತಿರುಗಿ ನೋಡಿದ, ಚರಂಡಿಗೆ ಬಿದ್ದ, ಬಲಗೈ ಮುರಿಯಿತು. ಮಾರನೆಯ ದಿನ ವರಮಹಾಲಕ್ಷ್ಮಿ ಹಬ್ಬ. ಅವನ ಕೈ ಮುರಿದದ್ದಕ್ಕಿಂತ ಪಾಯಸದ ಹಾಲು ಚರಂಡಿ ಪಾಲಾದದ್ದಕ್ಕೆ ಬೀದಿಯ ಹೆಂಗಸರು ಹೆಚ್ಚು ಶಾಪ ಹಾಕಿದರು.

ಬೀದಿಯ ಯಜಮಾನ ದೊಡ್ಡವೆಂಕಟಪ್ಪ ನಾಲ್ಕು ಜನ ಹಿರಿಯರನ್ನು ಕೂರಿಸಿಕೊಂಡು ತೀರ್ಮಾನ ಹೇಳಿದ. ನಾಯಿ ಇನ್ನು ಅಂಗಳ ದಾಟಕೂಡದು. ವಿಜಯದಶಮಿಯವರೆಗೆ ಗಡುವು. ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ತಾವೇ ಬಂದು ನೋಡುತ್ತಾರೆ. ಒಂದು ಹೆಜ್ಜೆ ಆಚೆ ಇಟ್ಟರೂ ಲಾರಿಗೆ ಹತ್ತಿಸಿ ನಂದಿ ಬೆಟ್ಟದ ಕಾಡಿಗೆ ಬಿಟ್ಟು ಬರುವುದು. ನಾಯಿಗೂ ಎರಡು ತಿಂಗಳ ಗಡುವಾ ಎಂದು ಬೈಲಪ್ಪ ಕುತ್ತಿಗೆಗೆ ಕೈ ನೇತುಹಾಕಿಕೊಂಡೇ ಗೊಣಗಿದ.

ಸರಪಳಿ ಹಾಕಿ ಕಟ್ಟಿದರೆ ಮುಗಿಯಿತಲ್ಲ ಎಂದು ಎಲ್ಲರೂ ಹೇಳಿದರು. ಹೇಳುವವರಿಗೇನು? ಆರು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನ ಹತ್ತಿರ ಕೆಂಚ ಮರಿಯಾಗಿ ಸಿಕ್ಕಾಗ ಅದರ ಕುತ್ತಿಗೆಯ ಮಾಂಸದೊಳಗೆ ಒಂದು ತಂತಿ ಹೂತು ಕೂತಿತ್ತು. ಲಕ್ಷ್ಮೀದೇವಮ್ಮ ಅದನ್ನು ಬಿಡಿಸಿ ಒಂದು ತಿಂಗಳು ಅರಿಶಿನ ಮೆತ್ತಿದ್ದಳು. ಆ ಜಾಗದಲ್ಲಿ ಕೂದಲು ಮತ್ತೆ ಬರಲೇ ಇಲ್ಲ. ಆಮೇಲೆ ಒಮ್ಮೆ ಮೆತ್ತನೆಯ ಬಟ್ಟೆಯಲ್ಲೇ ಕಂಬಕ್ಕೆ ಕಟ್ಟಿದ್ದಕ್ಕೆ ಮೂರು ದಿನ ನೀರನ್ನೂ ಮುಟ್ಟದೆ ನಡುಗುತ್ತಾ ಬಿದ್ದಿತ್ತು. ಕಾಂಪೌಂಡ್ ಎಬ್ಬಿಸೋಣವೆಂದರೆ ಹಿಂದಿನ ಎರಡು ಮನೆಯವರಿಗೆ ಇವರ ಅಂಗಳವೇ ದಾರಿ.

"ಕಟ್ಟೋದಾದ್ರೆ ನನ್ನನ್ನ ಕಟ್ರಿ," ಎಂದಳು ಗಂಡ ವೇಣುಗೋಪಾಲನಿಗೆ. ಅವನು ಮಗ್ಗದ ಕಡೆ ತಿರುಗಿಕೊಂಡ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಯಾವ ಮಾತಿಗೆ ಉತ್ತರ ಕೊಡಬಾರದು ಅನ್ನುವುದನ್ನು ಅವನು ಚೆನ್ನಾಗಿ ಕಲಿತಿದ್ದ.

ದಾರಿ ತೋರಿಸಿದವನು ಮೈದುನ ಯೋಗಾನಂದ. ಅವನು ಮಗ್ಗದ ಮೋಟಾರು ರಿಪೇರಿ ಮಾಡುವ ಮೇಸ್ತ್ರಿ, ಕೈಯಲ್ಲಿ ಸದಾ ಟೆಸ್ಟರು, ಬಾಯಲ್ಲಿ ಸದಾ ಬಡಾಯಿ. ಕುಂದಾಣದ ಕಡೆ ಒಂದು ತೋಟದ ಮನೆಗೆ ಬೋರ್‌ವೆಲ್ ಮೋಟಾರು ನೋಡಲು ಹೋಗಿದ್ದಾಗ ಅಲ್ಲೊಂದು ಸೋಜಿಗ ಕಂಡು ಬಂದಿದ್ದ. ಕರುವಿನಷ್ಟು ಎತ್ತರದ ನಾಯಿ ಇವನ ಮೇಲೆ ಹಾರಿ ಬಂದದ್ದು ಬಟಾಬಯಲಿನಲ್ಲಿ ಗಕ್ಕನೆ ನಿಂತುಬಿಟ್ಟಿತಂತೆ. ಯಜಮಾನರು ಫಾರಿನ್ನಿನಿಂದ ತರಿಸಿದ ಯಂತ್ರ. ಅವರನ್ನು ಕಾಡಿ ಬೇಡಿ ಪೆಟ್ಟಿಗೆ ಬಿಚ್ಚಿ ನೋಡಿಯೇ ಬಂದಿದ್ದ.

"ಬೇಲಿ ಇಲ್ಲ, ಗೋಡೆ ಇಲ್ಲ ಅತ್ಗೆ. ನೆಲದೊಳಗೆ ಸುತ್ತಾ ಒಂದು ತಂತಿ, ನಾಯಿ ಕೊರಳಲ್ಲಿ ಒಂದು ಪಟ್ಟಿ. ತಂತಿ ಹತ್ರ ಬಂದ್ರೆ ಪಟ್ಟಿ ಗುಂಯ್ ಅಂತದೆ, ಇನ್ನೂ ಮುಂದಕ್ಕೆ ಬಂದ್ರೆ ಚುರ್ ಅಂತದೆ. ನಾನು ಮಾಡ್ಕೊಡ್ತೀನಿ."

ವೇಣುಗೋಪಾಲ ನಕ್ಕ. ಸೀತಮ್ಮನನ್ನೇ ನಿಲ್ಲಿಸದ ಗೆರೆ ಈ ನಾಯಿಯನ್ನು ನಿಲ್ಲಿಸುತ್ತದೆಯೇ ಎಂದ. ಆ ಮಾತು ಪಕ್ಕದ ಮನೆಯ ಪಿಳ್ಳಮ್ಮನ ಕಿವಿಗೆ ಬಿತ್ತು, ಸಂಜೆಯ ಹೊತ್ತಿಗೆ ಇಡೀ ಬೀದಿ ಅದಕ್ಕೆ ಲಕ್ಷ್ಮೀದೇವಮ್ಮನ ರೇಖೆ ಎಂದು ಹೆಸರಿಟ್ಟಾಗಿತ್ತು. ನಗುವವರ ಹಲ್ಲು ಕಾಣಲಿ ಎಂದು ಅವಳು ಗುದ್ದಲಿ ಹಿಡಿದಳು.

ಯೋಗಾನಂದ ಹಳೆಯ ರೇಡಿಯೋಗಳನ್ನು ಕಿತ್ತು ಹಾಕಿ ಒಂದು ತಿಂಗಳು ಬೆಸುಗೆ ಹಾಕುತ್ತಾ ಕೂತ. ಅಷ್ಟರಲ್ಲಿ ಅಂಗಳದ ಸುತ್ತ ನಾನೂರು ಅಡಿ ಗೇಣುದ್ದ ಆಳಕ್ಕೆ ಅಗೆದು ತಂತಿ ಹೂತು ಮಣ್ಣು ಮುಚ್ಚಿದವಳು ಲಕ್ಷ್ಮೀದೇವಮ್ಮ. ಅವನು ಮಾಡಿದ ಪೆಟ್ಟಿಗೆಯನ್ನು ಮಗ್ಗದ ಮನೆಯ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದರು. ಕರೆಂಟು ಕಣ್ಣಾಮುಚ್ಚಾಲೆ ಆಡುವ ಊರಿನಲ್ಲಿ ಅದನ್ನು ನಂಬುವ ಹಾಗಿಲ್ಲ, ಹಾಗಾಗಿ ಒಂದು ಲಾರಿ ಬ್ಯಾಟರಿಯನ್ನೂ ಕೂರಿಸಿದರು. ತಂತಿ ಎಲ್ಲೂ ಕಡಿಯದೆ ಒಂದು ಸುತ್ತು ಪೂರ್ತಿ ಇದ್ದರೆ ಪೆಟ್ಟಿಗೆಯ ಮೇಲೆ ಒಂದು ಹಸಿರು ದೀಪ ಉರಿಯುತ್ತದೆ. ದೀಪ ಆರಿದರೆ ಗೆರೆ ಸತ್ತಿತು ಎಂದು ಅರ್ಥ.

ಪಟ್ಟಿಯನ್ನು ನಾಯಿಗೆ ಹಾಕುವ ಮೊದಲು ಅವಳು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಗೆರೆ ದಾಟಿದಳು. ಚುರ್ ಎಂದಿತು. ಇದು ಜಾಸ್ತಿಯಾಯಿತು, ಇಳಿಸು ಎಂದಳು. ನಾಲ್ಕು ಸಲ ಇಳಿಸಿದ ಮೇಲೆ, ಇರುವೆ ಓಡಾಡಿದ ಹಾಗಿದೆ, ಇಷ್ಟು ಸಾಕು ಎಂದಳು. ಇದಕ್ಕೆ ಸೊಳ್ಳೆಯೂ ಹೆದರುವುದಿಲ್ಲ ಅತ್ಗೆ ಎಂದು ಯೋಗಾನಂದ ಗೋಳಾಡಿದರೂ ಕೇಳಲಿಲ್ಲ. ಹೆದರಿಸಬೇಕಾಗಿಲ್ಲ, ಕಲಿಸಬೇಕು ಎಂದಳು.

ಕಲಿಸಿದಳು ಕೂಡ. ಕೊರಳಿಗೆ ಏನೇ ತಂದರೂ ಓಡಿಹೋಗುವ ಕೆಂಚನಿಗೆ ಮೊದಲ ವಾರ ಬರೀ ಒಂದು ರೇಷ್ಮೆ ಎಳೆ ಹಾಕಿದಳು, ಆಮೇಲೆ ಹತ್ತು ಎಳೆ, ಆಮೇಲೆ ಸೀರೆಯ ಅಂಚಿನಲ್ಲಿ ಹೊಲಿದ ಪಟ್ಟಿ. ಗೆರೆಯುದ್ದಕ್ಕೂ ಕೆಂಪು ಬಟ್ಟೆಯ ಚೂರು ನೆಟ್ಟಳು. ಬೆಳಿಗ್ಗೆ ಸಂಜೆ ಕೆಂಚನ ಎದೆಯ ಸುತ್ತ ಸಡಿಲವಾಗಿ ಹಗ್ಗ ಬಳಸಿ ಅದರ ಜೊತೆ ನಡೆದಳು. ಗುಂಯ್ ಎಂದ ಕೂಡಲೇ "ಬಾ ನನ್ನಪ್ಪ" ಎಂದು ತಿರುಗಿಸಿಕೊಂಡು ಬಂದು ರಾಗಿ ರೊಟ್ಟಿಯ ಚೂರು ಕೊಟ್ಟಳು. ಮೂರು ವಾರಕ್ಕೆ ಹಗ್ಗ ಹೋಯಿತು, ನಾಲ್ಕು ವಾರಕ್ಕೆ ಬಟ್ಟೆಯ ಚೂರೂ ಹೋದವು. ಸೈಕಲ್ಲು ಕಂಡರೆ ಮಾತ್ರ ಅದು ಈಗಲೂ ರೊಟ್ಟಿ ಮರೆತು ಓಡುತ್ತಿತ್ತು, ಆ ಗುಂಯ್ ಕೇಳಿದ ಮೇಲೆಯೇ ನಿಲ್ಲುತ್ತಿತ್ತು.

ಆಯುಧಪೂಜೆ ಬಂತು. ಮಗ್ಗಗಳನ್ನು ತೊಳೆದು ವಿಭೂತಿ ಹಚ್ಚಿದರು. ಕೆಲಸ ಮಾಡುವ ಯಾವ ಯಂತ್ರವನ್ನೂ ಅವತ್ತು ಬಿಡುವ ಹಾಗಿಲ್ಲವಲ್ಲ, ನಾಯಿಯ ಪೆಟ್ಟಿಗೆಗೂ ಕುಂಕುಮವಾಯಿತು, ಹಿಡಿ ತುಂಬುವಷ್ಟು ದಪ್ಪದ ಸೇವಂತಿಗೆ ಹಾರವಾಯಿತು. ಈ ಸಲ ಅಂಗಳದ ಬಾಯಿಗೆ ಬಾಳೆಕಂದು ಬೇಡ ಬಿಡೇ, ಸುಮ್ಮನೆ ತೋರಣ ಕಟ್ಟೋಣ ಎಂದ ವೇಣುಗೋಪಾಲ. ಬಾಳೆಕಂದಿಲ್ಲದೆ ಯಾವ ಆಯುಧಪೂಜೆ, ನಾಳೆ ಹಿರಿಯರು ಬರುವ ಮನೆ ಎಂದು ಅವಳು ಗದರಿದಳು. ಅವನು ಹಾರೆ ತಂದು ಎರಡು ಕಡೆ ಗುಂಡಿ ತೋಡಿ ಕಂದು ನೆಟ್ಟ. ಬಾಡದಿರಲಿ ಎಂದು ಅವಳೇ ಬುಡಕ್ಕೆ ಒಂದೊಂದು ಬಿಂದಿಗೆ ನೀರು ಸುರಿದಳು.

ದಶಮಿಯ ಬೆಳಿಗ್ಗೆ ಎಂಟೂವರೆಗೆ ಬಾಡಿದ ಹಾರ ತೆಗೆದಳು. ಹೂವಿನ ಹಿಂದೆ ದೀಪ ಆರಿತ್ತು.

ಕೆಂಚನನ್ನು ಒಳಗೆ ಕೂಡಿ ಮೈದುನನನ್ನು ಕೂಗಿದಳು. ಯೋಗಾನಂದ ಪೆಟ್ಟಿಗೆ ಬಿಚ್ಚಿ ನೋಡಿದ, ಬ್ಯಾಟರಿ ನೋಡಿದ, ಎರಡೂ ಸರಿಯಾಗಿದ್ದವು. ತಂತಿಯೇ ಎಲ್ಲೋ ಕಡಿದಿದೆ, ನಾನೂರು ಅಡಿಯನ್ನೂ ಅಗೆದು ನೋಡದೆ ಬೇರೆ ದಾರಿಯಿಲ್ಲ ಎಂದು ಸಪ್ಪೆ ಮುಖ ಹಾಕಿಕೊಂಡು ಹೋಗಿ ಮಗ್ಗದ ಮನೆಯ ಹಿಂದಿನಿಂದ ಅಗೆಯಲು ಶುರು ಮಾಡಿದ. ಗಂಟೆ ಒಂಬತ್ತಾಗುತ್ತಾ ಬಂದಿತ್ತು. ಮನೆಯ ರೊಟ್ಟಿ ತಿಂದು ಬೆಳೆದ ನಾಯಿ ನಂದಿ ಬೆಟ್ಟದ ಕಾಡಿನಲ್ಲಿ ಎಷ್ಟು ದಿನ ಬದುಕೀತು ಎಂದು ಅವಳು ನೆನೆದಳು.

ಆಮೇಲೆ ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವಳ ತಲೆ ಚುರುಕು.

"ಲೇ ಯೋಗಿ, ಗುದ್ದಲಿ ಇಡು. ಮಗ್ಗದಲ್ಲಿ ಒಂದು ಎಳೆ ಕಡಿದ್ರೆ ಇಡೀ ಹಾಸು ಬಿಚ್ತಾರೇನೋ? ಕೊನೇಲಿ ಕೈ ಹಾಕ್ದೋರು ಯಾರು ಅಂತ ಕೇಳ್ತಾರೆ."

ನಿಂತಲ್ಲೇ ಅಂಗಳವನ್ನು ಒಂದು ಸುತ್ತು ನೋಡಿದಳು. ಮೊನ್ನೆ ಸಂಜೆ ದೀಪ ಉರಿಯುತ್ತಿತ್ತು. ಆಮೇಲೆ ಈ ನೆಲಕ್ಕೆ ಯಾರು ಕೈ ಹಾಕಿದ್ದಾರೆ? ಕಣ್ಣು ಹೋಗಿ ಬಾಳೆಕಂದಿನ ಮೇಲೆ ನಿಂತಿತು. ಹಾರೆ ಹಾಕಿದವನು ಗಂಡ, ಹಾಕಿಸಿದವಳು ತಾನು. ಮಾಡಿದ್ದುಣ್ಣೋ ಮಹರಾಯ ಎಂದು ತನಗೆ ತಾನೇ ಹೇಳಿಕೊಂಡಳು.

ಹಬ್ಬಕ್ಕೆ ನೆಟ್ಟ ಕಂದನ್ನು ದಶಮಿಯ ದಿನವೇ ಕೀಳಬಾರದು, ಅಪಶಕುನ ಎಂದು ವೇಣುಗೋಪಾಲ ಅಡ್ಡ ಬಂದ. ಅವಳು ಕಂದಿಗೆ ಕೈಮುಗಿದು, ತಪ್ಪಾಯಿತು ತಾಯಿ ಎಂದು ಹೇಳಿಯೇ ಕಿತ್ತಳು. ಬಲಗಡೆಯ ಗುಂಡಿಯಲ್ಲಿ ತಂತಿ ಗಟ್ಟಿಯಾಗಿತ್ತು. ಎಡಗಡೆಯದರಲ್ಲಿ ಕೆಸರಿನೊಳಗೆ ಎರಡು ತುದಿಗಳು ಮೊಳದಂತರದಲ್ಲಿ ಬಿದ್ದಿದ್ದವು.

ಯೋಗಾನಂದ ತುಂಡು ತಂತಿ ತಂದ. ಅವನು ಹೊಸೆದದ್ದು ಎರಡು ಸಲ ಕಳಚಿ ಬಂತು. ಅವಳು ಅವನನ್ನು ಸರಿಸಿ ಕೂತಳು. ಹನ್ನೆರಡನೆಯ ವಯಸ್ಸಿನಿಂದ ಮಗ್ಗದ ಉದ್ದಕ್ಕೆ ಹಾಸುವ ನೂಲಿನಲ್ಲಿ, ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆ ಸೇರಿಸಿದ ಬೆರಳುಗಳು ಅವು. ದಿನಕ್ಕೆ ಸಾವಿರಗಟ್ಟಲೆ ಎಳೆ, ಕೂದಲಿಗಿಂತ ಸಣ್ಣ ರೇಷ್ಮೆ, ಒಂದೂ ಜಾರಿದ್ದಿಲ್ಲ. ಜಾರದಂತೆ ಬೆರಳಿಗೆ ಬೂದಿ ಮುಟ್ಟಿಸಿಕೊಂಡು ತಾಮ್ರದ ತುದಿಗಳನ್ನು ಹೊಸೆದಳು, ಜಗ್ಗಿ ನೋಡಿದಳು, ಟೇಪು ಸುತ್ತಿಸಿದಳು. ಒಳಗಿನಿಂದ ವೇಣುಗೋಪಾಲ ದೀಪ ಬಂತು ಕಣೇ ಎಂದು ಕೂಗಿದ. ಗುಂಡಿ ಮುಚ್ಚಿ ಕಂದುಗಳನ್ನು ಎರಡು ಹೆಜ್ಜೆ ಒಳಗೆ ನೆಡುವಷ್ಟರಲ್ಲಿ ದೊಡ್ಡವೆಂಕಟಪ್ಪ, ಹಿರಿಯರು, ಅವರ ಹಿಂದೆ ಅರ್ಧ ಬೀದಿ ಬಂದು ನಿಂತಿತ್ತು.

ಮುರಿದ ಕೈ ಕೂಡಿಕೊಂಡಿದ್ದ ಬೈಲಪ್ಪ ಲೂನಾ ಹತ್ತಿ ಬೀದಿಯ ತುದಿಯಿಂದ ಬಂದ. ಅವಳು ಬಾಗಿಲು ತೆಗೆದಳು. ಕೆಂಚ ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹಾರಿತು. ಪಿಳ್ಳಮ್ಮ ಅಯ್ಯಯ್ಯೋ ಎಂದು ಹಿಂದೆ ಸರಿದಳು. ಅಂಗಳದ ಬಾಯಿಗೆ ಒಂದು ಮಾರು ಇದೆ ಅನ್ನುವಾಗ ನಾಯಿ ನಾಲ್ಕೂ ಕಾಲು ಊರಿ ಮಣ್ಣೆಬ್ಬಿಸುತ್ತಾ ನಿಂತಿತು. ಕಿವಿ ನಿಮಿರಿಸಿ ಒಮ್ಮೆ ಹಿಂದೆ ತಿರುಗಿ ಅವಳ ಮುಖ ನೋಡಿತು. ಬೈಲಪ್ಪ ಹಾದು ಹೋದ.

ಇದು ಒಂದು ಸಲದ ಅದೃಷ್ಟ ಎಂದು ಅವನು ಮತ್ತೆ ಬಂದ. ಈ ಸಲ ನಿಧಾನ, ಹಾರನ್ ಬೇರೆ ಹೊಡೆಯುತ್ತಾ. ಕೆಂಚ ಗೆರೆಯ ಒಳಗೊಳಗೇ ಆ ತುದಿಯಿಂದ ಈ ತುದಿಗೆ ಓಡಿ ಬೊಗಳಿತೇ ಹೊರತು ಆಚೆ ಒಂದು ಹೆಜ್ಜೆ ಇಡಲಿಲ್ಲ. ಮೂರನೆಯ ಸಲ ಬೈಲಪ್ಪ ಎದುರಿಗೇ ನಿಲ್ಲಿಸಿ ಎಂಜಿನ್ ಗುರುಗುಟ್ಟಿಸಿದ. ಕೆಂಚ ಕುಕ್ಕರುಗಾಲಲ್ಲಿ ಕೂತು ಅವನನ್ನು ನೋಡಿತು. ಜನ ನಕ್ಕದ್ದು ಈಗ ಬೈಲಪ್ಪನನ್ನು ನೋಡಿ.

ದೊಡ್ಡವೆಂಕಟಪ್ಪ ಕೋಲಿನಲ್ಲಿ ನೆಲ ಕುಟ್ಟಿ ನೋಡಿದ, ಏನೂ ಕಾಣಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಕಣಯ್ಯ ಎಂದು ವೇಣುಗೋಪಾಲನ ಬೆನ್ನು ತಟ್ಟಿದ. ಆ ಬೀದಿಯಲ್ಲಿ ಹಾಗೇ. ನೂಲು ಸುತ್ತುವವಳು, ಎಳೆ ಸೇರಿಸುವವಳು ಯಾರೇ ಆಗಲಿ, ಸೀರೆ ನೇಯ್ದ ಹೆಸರು ಗಂಡಸಿನದು.

ವೇಣುಗೋಪಾಲ ತಲೆ ಕೆರೆದುಕೊಂಡು, ನಾನು ಹಾರೆ ಹಾಕಿ ಕೆಡಿಸಿದವನು ಯಜಮಾನರೇ ಎಂದ. ಎಲ್ಲರೂ ಯೋಗಾನಂದನ ಕಡೆ ನೋಡಿದರು. ಬಡಾಯಿಯ ಯೋಗಾನಂದ ಜೀವನದಲ್ಲಿ ಮೊದಲ ಬಾರಿಗೆ, ಪೆಟ್ಟಿಗೆ ಮಾತ್ರ ನನ್ನದು ಎಂದು ಹೇಳಿ ಅತ್ತಿಗೆಯ ಕಡೆ ಕೈ ತೋರಿಸಿದ.

ಹೆಂಗಸು ಈಗ ನಾಚಿಕೊಂಡು ಒಳಗೆ ಹೋಗುತ್ತಾಳೆ ಎಂದು ಬೀದಿ ಕಾದಿತು. ಅವಳು ಎರಡು ಹೆಜ್ಜೆ ಮುಂದೆ ಬಂದಳು.

"ಹೌದು ಯಜಮಾನ್ರೇ. ತಂತಿ ಹೂತಿದ್ದು ನಾನು. ಹಬ್ಬದ ಹುಚ್ಚಲ್ಲಿ ಕಡಿಸಿದ್ದೂ ನಾನೇ, ಸೇರ್ಸಿದ್ದೂ ನಾನೇ. ಕೆಂಚನ್ನ ನಿಲ್ಸಿದ್ದೂ ನಾನೇ."

ಯಾರೂ ನಗಲಿಲ್ಲ. ದೊಡ್ಡವೆಂಕಟಪ್ಪ ಅವಳನ್ನೂ ನಾಯಿಯನ್ನೂ ಒಂದು ಗಳಿಗೆ ನೋಡಿದ.

"ಹಂಗಾದ್ರೆ ನಾಯಿ ನಿನ್ ಅಂಗಳದಲ್ಲೇ ಇರ್ಲಿ ಕಣವ್ವ," ಎಂದ.

ಅಷ್ಟು ಜನರ ಎದುರಿಗೆ ಒಂದೇ ಉಸಿರಿಗೆ ಅಷ್ಟು ಸಲ ನಾನೇ ಎಂದದ್ದು ಅವಳ ಜನ್ಮದಲ್ಲೇ ಇರಲಿಲ್ಲ. ಮೊಣಕೈವರೆಗೆ ಮೆತ್ತಿದ್ದ ಕೆಸರನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಳ್ಳಲೂ ಇಲ್ಲ, ಒರೆಸಿಕೊಳ್ಳಲೂ ಇಲ್ಲ, ಎಲ್ಲರೂ ನೋಡಲಿ ಎಂದು ಹಾಗೇ ನಿಂತಿದ್ದಳು.