ಅಳಿಸುವ ಗ್ಯಾಸು

ಟೋಕಿಲುಪೆಯನ್ನು ಮಣ್ಣು ಮಾಡಿದ ದಿನ ಅವಳ ಗಂಡ ಫಿನೆಯಾಸಿ ಅಳಲಿಲ್ಲ. ನಮ್ಮ ದ್ವೀಪದ ಊರು ನುಕುಅಲೋಫಾದಲ್ಲಿ ಇದು ಸಣ್ಣ ವಿಷಯವಲ್ಲ. ಸಾವಿನ ಮನೆಯಲ್ಲಿ ಗಟ್ಟಿಯಾಗಿ ಅಳುವುದು ಸತ್ತವರಿಗೆ ಕೊಡುವ ಮರ್ಯಾದೆ ಅಂದುಕೊಂಡವರು ನಾವು. ಹೆಂಗಸರು ಹಾಡುತ್ತಾ ಅತ್ತರು, ಪಾದ್ರಿ ಅತ್ತರು, ಹಂದಿ ಸುಡಲು ಬಂದವರೂ ಅತ್ತರು. ಇವನು ಮಾತ್ರ ಕಪ್ಪು ಬಟ್ಟೆ ತೊಟ್ಟು, ಸೊಂಟಕ್ಕೆ ಸೂತಕದ ಹರಕು ಚಾಪೆ ಸುತ್ತಿಕೊಂಡು ಕಂಬದ ಹಾಗೆ ನಿಂತಿದ್ದ. ಮಗಳು ಲೋಸಾ ಅವತ್ತಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಒಲೆ, ಆದರೆ ತಟ್ಟೆ ಮುಂದಿಟ್ಟು ಮುಖ ತಿರುಗಿಸಿ ಹೋಗುವಳು.

ನಮ್ಮದು ಬಂದರಿನ ಹಿಂದೆ ಹುಳು ಕೊಲ್ಲುವ ಶೆಡ್ಡು. ನ್ಯೂಜಿಲೆಂಡಿಗೆ ಹೋಗುವ ಕೆಸವಿನ ಗೆಡ್ಡೆಯಲ್ಲಿ ಒಂದು ಹುಳ ಹರಿದಾಡಿದರೂ ಅಲ್ಲಿಯವರು ಮೂಗು ಮುರಿಯುತ್ತಾರೆ. ಹಾಗಾಗಿ ಗೆಡ್ಡೆಯ ಪೆಟ್ಟಿಗೆಗಳ ಮೇಲೆ ಟಾರ್ಪಾಲು ಹೊದಿಸಿ, ಅಂಚಿಗೆ ಉದ್ದನೆಯ ಮರಳು ಚೀಲ ಹೇರಿ, ಒಳಗೆ ಮೀಥೈಲ್ ಬ್ರೋಮೈಡ್ ಬಿಡುತ್ತೇವೆ. ಶೆಡ್ಡಿನ ಉಸ್ತುವಾರಿ ನನ್ನದು. ಫಿನೆಯಾಸಿ ನನಗಿಂತ ಹಳಬ.

ಹೊಸಬರು ಬಂದಾಗಲೆಲ್ಲ ನಾನು ಅದೇ ಪಾಠ ಒಪ್ಪಿಸಬೇಕು, ಹೇಳಿ ಹೇಳಿ ಬಾಯಿ ಸವೆದಿದೆ. ಕಾರ್ಬನ್ ಅಂದರೆ ಕೂಟದಲ್ಲಿ ಸುತ್ತ ಕೂತು ಕುಡಿಯುವ ಕಾವಾ ಪಾನಕದ ಬೋಗುಣಿ ಅಂದುಕೊಳ್ಳಿ, ಸುತ್ತ ನಾಲ್ಕು ಹೈಡ್ರೋಜನ್ ಕೂತಿವೆ. ಅದು ಮೀಥೇನ್, ಉರಿಯುವ ಜಾತಿ. ಒಬ್ಬನನ್ನು ಎಬ್ಬಿಸಿ ಆ ಜಾಗಕ್ಕೆ ಬ್ರೋಮಿನ್ ಕೂರಿಸಿದರೆ ಹುಳ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ. ಮೂವರನ್ನು ಎಬ್ಬಿಸಿ ಕ್ಲೋರಿನ್ ಕೂರಿಸಿದರೆ ಮಂಪರು ತರಿಸುವ ಕ್ಲೋರೋಫಾರ್ಮ್. ನಾಲ್ವರನ್ನೂ ಎಬ್ಬಿಸಿದಿರೋ, ತಾನು ಉರಿಯುವುದು ಹಾಗಿರಲಿ, ಉರಿಯುವ ಬೆಂಕಿಯನ್ನೇ ಆರಿಸುತ್ತದೆ. ಬೋಗುಣಿ ಅದೇ, ಸುತ್ತ ಕೂತವರು ಬದಲಾದರೆ ಕೂಟದ ಗುಣವೇ ಬೇರೆ. ನಮ್ಮ ಬ್ರೋಮೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ ಅನ್ನಬೇಕು. ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೇ ಹರಡುತ್ತದೆ. ಸೋರಿದ್ದು ತಿಳಿಯಲಿ ಅಂತ ಇನ್ನೊಂದನ್ನು ಚೂರು ಬೆರೆಸಿರುತ್ತಾರೆ. ಅದರಲ್ಲಿ ಮೂವರು ಕ್ಲೋರಿನ್ನು, ನಾಲ್ಕನೆಯದು ನೈಟ್ರೋ ಗುಂಪು. ಹೆಸರು ಕ್ಲೋರೋಪಿಕ್ರಿನ್. ಅದು ಕಣ್ಣು ಮೂಗು ಹಿಂಡಿ ನೀರಿಳಿಸುತ್ತದೆ, ಅದಕ್ಕೇ ನಮ್ಮವರ ಬಾಯಲ್ಲಿ ಅಳಿಸುವ ಗ್ಯಾಸು. ಕಣ್ಣಲ್ಲಿ ನೀರು ಬಂದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ, ಓಡಿ ಅನ್ನುವುದೇ ನನ್ನ ಪಾಠದ ಸಾರ.

ಆ ಮಧ್ಯಾಹ್ನ ಎಲೆಯೂ ಅಲ್ಲಾಡುತ್ತಿರಲಿಲ್ಲ. ನಾನು, ಶೆಡ್ಡಿನ ಕೆಲಸದ ಹುಡುಗ ಮೊಸೆಸೆ ಹೊರಗೆ ಮರದಡಿ ಊಟಕ್ಕೆ ಕೂತಿದ್ದೆವು. ಫಿನೆಯಾಸಿ ಊಟ ಬೇಡವೆಂದು ಶೆಡ್ಡಿನೊಳಗೆ, ಅಪಾಯದ ಗಡಿಗೆಂದು ಕಟ್ಟಿದ ಹಗ್ಗದ ಈಚೆ, ಪೆಟ್ಟಿಗೆಯ ಮೇಲೆ ಕೂತು ಟಾರ್ಪಾಲು ಕಾಯುತ್ತಿದ್ದ. ಹಗ್ಗದ ಈಚೆ ಮಾಸ್ಕು ಬೇಕಿಲ್ಲ.

ಮೊಸೆಸೆಯ ಕೈ ತುತ್ತಿನ ಸಮೇತ ನಿಂತಿತು. "ಅಕ್ಕಾ, ಅಲ್ ನೋಡಿ."

ಫಿನೆಯಾಸಿ ಅಳುತ್ತಿದ್ದ. ಮುಖ ಮುಚ್ಚಿಕೊಂಡಿರಲಿಲ್ಲ, ಕೈ ತೊಡೆಯ ಮೇಲಿತ್ತು, ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಂತೂ ಕಟ್ಟೆ ಒಡೀತು," ಎಂದ ಮೊಸೆಸೆ, ಟೋಪಿ ತೆಗೆದು. "ಏನೂ ಮಾತಾಡಿಸ್ಬೇಡಿ. ಅತ್ಕೊಳ್ಲಿ ಪಾಪ."

ಅಳುವವರನ್ನು ನಡುವೆ ತಡೆಯುವುದು ನಮ್ಮಲ್ಲಿಲ್ಲ. ನಾನೂ ಮುಖ ಆಚೆ ತಿರುಗಿಸಿದೆ. ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಇನ್ನಾದರೂ ಊರಿನ ಬಾಯಿ ಮುಚ್ಚೀತು, ಆ ಹುಡುಗಿ ಅಪ್ಪನ ಮುಖ ನೋಡಿಯಾಳು ಅನಿಸಿತು. ಮೊಸೆಸೆ ಅಷ್ಟರಲ್ಲಿ ತನ್ನ ಅಮ್ಮನಿಗೆ ಫೋನು ಹಚ್ಚಿದ್ದ. ಆಯಮ್ಮನಿಗೆ ಹೇಳಿದರೆ ಡಂಗುರ ಹೊಡೆಸಿದಂತೆಯೇ.

ಆಮೇಲೆ ಅವನು ಟವೆಲು ಹಿಡಿದು ಫಿನೆಯಾಸಿಯ ಹತ್ತಿರ ಹೋದ. ಹೆಗಲ ಮೇಲೆ ಕೈಯಿಟ್ಟು ಸ್ವಲ್ಪ ನಿಂತು ವಾಪಸು ಬಂದಾಗ ಅವನ ಕಣ್ಣೂ ಧಾರಾಕಾರ.

"ತಡಿಯೋಕಾಗ್ಲಿಲ್ಲ ಅಕ್ಕಾ. ಟೋಕಿ ಅಕ್ಕ ಎಂಥ ಒಳ್ಳೇವ್ರು!"

"ನೀನು ಅವಳನ್ನ ನೋಡಿದ್ದು ಯಾವಾಗಲೋ?"

"ಚರ್ಚಲ್ಲಿ ಒಂದ್ಸಲ ನೋಡಿದೀನಿ," ಎಂದು ಮೂಗು ಒರೆಸಿಕೊಂಡ.

ಸ್ವಂತ ಅಜ್ಜಿಯ ಸಾವಿನಲ್ಲಿ ಎರಡು ಸಲ ಬಡಿಸಿಕೊಂಡು ಉಂಡವನು ಈ ಮೊಸೆಸೆ. ತಟ್ಟೆ ಬಿಸಾಕಿ ಎದ್ದೆ. "ಗ್ಯಾಸು ಕಣೋ ಮುಟ್ಠಾಳ!" ಎಂದು ಕಿರುಚಿ ಮಾಸ್ಕು ಹಾಕಿಕೊಂಡು ಓಡಿದೆ. ಮೂಲೆಯ ಮರಳು ಚೀಲ ಜಾರಿ ಟಾರ್ಪಾಲಿನ ಅಂಚು ಬಾಯಿ ಬಿಟ್ಟಿತ್ತು. ಫಿನೆಯಾಸಿಯ ಕಂಕುಳಿಗೆ ಕೈ ಹಾಕಿ ಎಳೆದರೆ ಅವನು ಏಳಲೊಲ್ಲ, ಭಾರ ಬಿಟ್ಟು ಕೂತಿದ್ದ. ಮೊಸೆಸೆಯೂ ಮಾಸ್ಕು ಹಾಕಿಕೊಂಡು ಬಂದು ಕಾಲು ಹಿಡಿದ. ಇಬ್ಬರೂ ಸೇರಿ ಹುಲ್ಲಿನ ಮೇಲೆ ತಂದು ಹಾಕಿದೆವು.

ಆಸ್ಪತ್ರೆಯಲ್ಲಿ ಕಣ್ಣು ತೊಳೆದರು. ಜೀವಕ್ಕೆ ಅಪಾಯವಿಲ್ಲ, ಆದರೆ ಈ ಗ್ಯಾಸು ತಡವಾಗಿ ಕಾಡುತ್ತದೆ, ನಾಳೆಯವರೆಗೆ ಇಲ್ಲೇ ಇರಲಿ ಎಂದರು ಡಾಕ್ಟರು. ನಾನು ಹಾಸಿಗೆಯ ಪಕ್ಕ ಕೂತೆ. ಸುಸ್ತಾಗಿತ್ತು. ಹಳೆಯ ಕೆಲಸಗಾರನಿಗೆ ಅದು ಗ್ಯಾಸೆಂದು ತಿಳಿಯದೆ ಹೋಯಿತೇ ಎಂದು ಯೋಚಿಸಲೂ ತ್ರಾಣವಿರಲಿಲ್ಲ.

ಲೋಸಾ ತೆಂಗಿನ ಗರಿಯ ಬುಟ್ಟಿಯಲ್ಲಿ ಊಟ ಹಿಡಿದು ಬಂದಳು. ಮೊಸೆಸೆಯ ಅಮ್ಮ ತನ್ನ ಕೆಲಸ ಮಾಡಿದ್ದಳು.

"ಅಪ್ಪಾ," ಎಂದಳು. ಎಷ್ಟೋ ದಿನದ ಮೇಲೆ ಆ ಪದ. "ಅಮ್ಮನ್ನ ನೆನೆಸ್ಕೊಂಡು ಅತ್ಬಿಟ್ಯಂತೆ, ಹೌದಾ?"

ಹೌದನ್ನು, ಹೌದನ್ನು ಎಂದು ನಾನು ಅವನಿಗೆ ಕಣ್ಸನ್ನೆ ಮಾಡಿದೆ.

"ಇಲ್ಲ ಮಗಾ. ಗ್ಯಾಸು ಸೋರಿತ್ತು."

ಆ ಗಳಿಗೆ ಅವನ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು ನನಗೆ. ಲೋಸಾ ಬುಟ್ಟಿಯನ್ನು ಕೆಳಗಿಟ್ಟು ಬಾಗಿಲ ಕಡೆ ತಿರುಗಿದಳು.

"ಗ್ಯಾಸು ಅಂತ ನಂಗೆ ಮೊದ್ಲೇ ಗೊತ್ತಾಯ್ತು," ಎಂದ ಫಿನೆಯಾಸಿ. ಗಂಟಲು ಸುಟ್ಟು ದನಿ ಹೊರಡುತ್ತಿರಲಿಲ್ಲ. "ಮೂಗಿಗೆ ಬಡಿದಾಗ್ಲೇ ಗೊತ್ತಾಯ್ತು. ಏನ್ ಮಾಡ್ಲಿ ಲೋಸಾ, ಅಳು ಬರ್ತಾನೇ ಇಲ್ಲ ನಂಗೆ. ಎದೆ ಒಳಗೆ ಕಲ್ಲು ಹಾಕ್ದಂಗಿದೆ. ನೀರು ಬಂತಲ್ಲ, ಆಗ ನಿಮ್ಮಮ್ಮನ ಹೆಸ್ರು ಕರೆದೆ. ಸ್ವಲ್ಪ ಹಗುರ ಅನ್ನಿಸ್ತು. ಎದ್ದು ಬರೋಕೆ ಮನಸ್ಸಾಗ್ಲಿಲ್ಲ."

ಲೋಸಾ ತಿರುಗಿ ಬಂದವಳೇ ಎರಡೂ ಮುಷ್ಟಿಯಿಂದ ಅಪ್ಪನ ಹೆಗಲಿಗೆ ಗುದ್ದತೊಡಗಿದಳು.

"ಸತ್ತೋಗಿದ್ರೆ? ನೀನೂ ಹೋಗ್ಬಿಟ್ಟಿದ್ರೆ ನಾನು ಯಾರ್ ಜೊತೆ ಮಾತು ಬಿಡ್ಲಿ? ಹೇಳು, ಯಾರ್ ಜೊತೆ ಬಿಡ್ಲಿ?"

ಅವನು ಸುಮ್ಮನೆ ಗುದ್ದಿಸಿಕೊಂಡ. ಡಾಕ್ಟರರ ಔಷಧಿಯಿಂದ ಕಣ್ಣು ಪೂರ್ತಿ ಒಣಗಿತ್ತು. ಅದನ್ನು ಅವಳು ನೋಡಿದಳು, ನೋಡಿಯೂ ಹಾಸಿಗೆಯ ಅಂಚಿಗೆ ಕೂತು ಬುಟ್ಟಿ ಬಿಚ್ಚಿ ಅವನ ಬಾಯಿಗೆ ತುತ್ತು ಇಟ್ಟಳು.